ಎಲೆಕ್ಟ್ರಿಕ್ ಕಾರು ಹಿಂದಕ್ಕೆ ಎಳೆದಂತಾಗುತ್ತಿದ್ದರೆ ಮೊದಲು ಏನು ನೋಡಬೇಕು?

ನೀವು ಎರಡು ತೊಂದರೆ ಹೇಳಿದ್ದೀರಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಕಾರನ್ನು ಯಾರೋ ಹಿಂದಿನಿಂದ ಹಿಡಿದಂತಾಗುತ್ತದೆ. ಜೊತೆಗೆ, ಒಂದು ಚಾರ್ಜಿಗೆ ಓಡುವ ದೂರವೂ ಇತ್ತೀಚೆಗೆ ಇಳಿದಿದೆ. ಮೊದಲನೆಯದಷ್ಟೇ ಆಗಿದ್ದರೆ 'ಅದು ರೀಜೆನ್ (ರೀಜೆನರೇಟಿವ್ ಬ್ರೇಕಿಂಗ್, ಅಂದರೆ ಮೋಟರೇ ಕಾರನ್ನು ನಿಧಾನ ಮಾಡುವುದು), ಚಿಂತೆ ಬೇಡ' ಎನ್ನುತ್ತಿದ್ದೆ. ಎರಡನೆಯದೂ ಸೇರಿರುವುದರಿಂದ ಬ್ರೇಕ್ ಎಲ್ಲೋ ಹಿಡಿದುಕೊಂಡಿರಬಹುದೆಂಬ ಅನುಮಾನ ಬರುತ್ತದೆ. ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನಿಸುತ್ತವೆ. ಆದರೆ ರೀಜೆನ್‌ನಲ್ಲಿ ಮೋಟರ್ ಜನರೇಟರ್ ಆಗಿ ಕಾರಿನ ವೇಗದ ಶಕ್ತಿಯನ್ನು ಬಹುಮಟ್ಟಿಗೆ ಬ್ಯಾಟರಿಗೆ ವಾಪಸ್ ತುಂಬುತ್ತದೆ, ಹಿಡಿದುಕೊಂಡ ಬ್ರೇಕ್ ಅದೇ ಶಕ್ತಿಯನ್ನು ಶಾಖವಾಗಿ ಸುಟ್ಟುಹಾಕುತ್ತದೆ. ಆದ್ದರಿಂದ ಏನನ್ನೂ ಬಿಚ್ಚಿಸುವ ಮೊದಲು ಇವೆರಡನ್ನು ಬೇರ್ಪಡಿಸಿಕೊಳ್ಳಿ.

ಅದಕ್ಕೆ ನ್ಯೂಟ್ರಲ್ ಸಾಕು. ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಗಂಟೆಗೆ 40-50 ಕಿ.ಮೀ. ವೇಗ ಹಿಡಿದು ಗೇರನ್ನು ಎನ್‌ಗೆ ಹಾಕಿ. ಕೆಲವು ಕಾರುಗಳಲ್ಲಿ ಸೆಲೆಕ್ಟರನ್ನು ಸ್ವಲ್ಪ ಹೊತ್ತು ಹಿಡಿದಿರಬೇಕಾಗುತ್ತದೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ಕಾರನ್ನು ಆಫ್ ಮಾಡಬೇಡಿ, ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಎನ್‌ನಲ್ಲಿ ಸಾಮಾನ್ಯವಾಗಿ ರೀಜೆನ್ ನಿಂತುಹೋಗುತ್ತದೆ. ಕಾರು ಸಲೀಸಾಗಿ ತೇಲಿಕೊಂಡು ಹೋದರೆ ನಿಮ್ಮನ್ನು ಎಳೆಯುತ್ತಿದ್ದದ್ದು ರೀಜೆನ್. ಎನ್‌ನಲ್ಲೂ ಬೇಗ ನಿಧಾನವಾದರೆ ತೊಂದರೆ ಚಕ್ರದ ಹತ್ತಿರ ಇದೆ.

ರೀಜೆನ್ ಎಂದು ಗೊತ್ತಾಗಲು ಇನ್ನೊಂದು ಒಳ್ಳೆಯ ಸುಳಿವು ಇದೆ. ಬ್ಯಾಟರಿ 100% ತುಂಬಿದ್ದಾಗ, ಅಥವಾ ತೀರಾ ತಣ್ಣಗಿದ್ದಾಗ, ವಾಪಸ್ ಬರುವ ಕರೆಂಟನ್ನು ಪೂರ್ತಿ ತೆಗೆದುಕೊಳ್ಳಲಾಗದೆ ರೀಜೆನ್ ತಾನಾಗಿ ಕುಗ್ಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಹೊರಟಾಗ ಎಳೆತ ಕಡಿಮೆ ಇದ್ದು, ಚಾರ್ಜ್ ಇಳಿದಂತೆ ಹೆಚ್ಚಾದರೆ ಅನುಮಾನವೇ ಬೇಡ. ಡ್ಯಾಶ್‌ಬೋರ್ಡಿನ ಪವರ್ ಮೀಟರ್ ಕೂಡ ಹೇಳುತ್ತದೆ: ಕಾಲು ತೆಗೆದಾಗ ಮುಳ್ಳು ಚಾರ್ಜ್ ಕಡೆಗೆ ವಾಲಿದರೆ ರೀಜೆನ್. ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ ರೀಜೆನ್ ಮಟ್ಟವೋ ಡ್ರೈವ್ ಮೋಡೋ ಬದಲಾಗಿರಬಹುದು, ಸೆಟ್ಟಿಂಗ್ಸ್ ತೆರೆದು ನೋಡಿ. ಮುಂದೆ ಗಾಡಿ ಇದ್ದಾಗ ಮಾತ್ರ ಎಳೆತ ಹೆಚ್ಚಾದರೆ ಅದು ಆಟೋ ರೀಜೆನ್, ಅಂದರೆ ಮುಂದಿನ ಗಾಡಿ ನೋಡಿ ಮಟ್ಟವನ್ನು ಕಾರೇ ಬದಲಿಸುವುದು. ಇದ್ಯಾವುದಕ್ಕೂ ರಿಪೇರಿ ಬೇಕಿಲ್ಲ. ಮಟ್ಟ ಇಳಿಸಿಕೊಂಡರೆ ಆಯಿತು.

ಈಗ ಚಕ್ರದ ಕಡೆ. ಹದಿನೈದು ಇಪ್ಪತ್ತು ನಿಮಿಷ, ಬ್ರೇಕ್ ಪೆಡಲನ್ನು ಆದಷ್ಟು ಕಡಿಮೆ ಒತ್ತಿ ಓಡಿಸಿ, ನಿಲ್ಲಿಸಿದ ತಕ್ಷಣ ನಾಲ್ಕೂ ಚಕ್ರಗಳ ಶಾಖ ಹೋಲಿಸಿ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಡಿಸ್ಕ್ ಕಡೆಗೆ ಹಿಡಿದು ಓದಿ. ಇಲ್ಲದಿದ್ದರೆ ಕೈಯನ್ನು ಚಕ್ರದ ಹತ್ತಿರ ತನ್ನಿ ಸಾಕು, ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಇಲ್ಲಿ ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮುಖ್ಯ. ಒಂದೇ ಚಕ್ರ ಕಾದಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಅಲ್ಲೇ ಬ್ರೇಕ್ ಜಾಮ್ ಆಗಿದೆ. ಶಾಖದ ಜೊತೆ ವೇಗಕ್ಕೆ ತಕ್ಕಂತೆ ಏರುವ ಗುಂಯ್ ಸದ್ದೂ ಇದ್ದರೆ ಬೇರಿಂಗನ್ನೂ ನೋಡಿಸಿ. ಹೊಗೆ ಬಂದರೆ ಮುಂದೆ ಓಡಿಸಬೇಡಿ, ಗಾಡಿಯನ್ನು ಎತ್ತಿಸಿಕೊಂಡೇ ಹೋಗಿ.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ರೇಕ್ ಸವೆದು ಕೆಡುವುದಕ್ಕಿಂತ ಕೆಲಸವಿಲ್ಲದೆ ಕೆಡುವುದೇ ಹೆಚ್ಚು. ವೇಗ ತಗ್ಗಿಸುವ ಕೆಲಸವನ್ನೆಲ್ಲ ಮೋಟರ್ ಮಾಡುತ್ತಿದ್ದರೆ ಪ್ಯಾಡ್ ಡಿಸ್ಕಿಗೆ ತಾಗುವುದೇ ಅಪರೂಪ. ಒದ್ದೆ, ಧೂಳು, ತುಕ್ಕು ಕೂತು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರಬೇಕಾದ ಪಿನ್ ಬಿಗಿಯುತ್ತದೆ, ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿ (ಅದರ ತುದಿ) ಕಚ್ಚಿಕೊಳ್ಳುತ್ತದೆ. ಆಮೇಲೆ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಪ್ಯಾಡ್ ಒತ್ತಿಕೊಳ್ಳುತ್ತದೆ, ವಾಪಸ್ ಸರಿಯುವುದಿಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಕಾರುಗಳ ಹಿಂದಿನ ಚಕ್ರಕ್ಕೆ ಡಿಸ್ಕ್ ಬಿಟ್ಟು ಮುಚ್ಚಿದ ಡ್ರಮ್ ಹಾಕಿದ್ದಕ್ಕೆ ಇಂಥ ತುಕ್ಕೂ ಒಂದು ಕಾರಣ. ನನ್ನ ಕಾರಿನಲ್ಲೂ ಹಿಂದಿನ ಎಡ ಚಕ್ರದ ಪಿನ್ ಹೀಗೇ ಹಿಡಿದಿತ್ತು. ಹೊಸ ಕ್ಯಾಲಿಪರ್ ಬೇಕಾಗಲಿಲ್ಲ, ಪಿನ್ ತೆಗೆದು ಉಜ್ಜಿ ಗ್ರೀಸ್ ಹಾಕಿದ್ದಕ್ಕೇ ಸರಿಹೋಯಿತು.

ಮೆಕ್ಯಾನಿಕ್‌ಗೆ ಹೇಳಬೇಕಾದದ್ದೂ ಇಷ್ಟೇ: ಪಿನ್ ಮತ್ತು ಪ್ಯಾಡ್ ಕೂರುವ ಜಾಗ ಸ್ವಚ್ಛ ಮಾಡಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿ. ಮಾಮೂಲಿ ಗ್ರೀಸ್ ಬೇಡ, ಅದರಿಂದ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನೇ ತುಕ್ಕು ಹಿಡಿದಿದ್ದರೆ ಕ್ಯಾಲಿಪರ್ ಬಿಚ್ಚಿ ಸೀಲ್ ಬದಲಿಸಬೇಕು, ಅಥವಾ ಕ್ಯಾಲಿಪರನ್ನೇ. ಬ್ಲೀಡ್ ಸ್ಕ್ರೂ (ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಸಡಿಲಿಸಿದ ಕೂಡಲೇ ಚಕ್ರ ಬಿಡಿಸಿಕೊಂಡರೆ ಒಳಗೆ ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ, ಆಗ ಬ್ರೇಕ್ ಆಯಿಲ್ ಹೋಗುವ ಹೋಸ್ ನೋಡಬೇಕು. ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಸ್ಕ್ಯಾನರ್‌ನಿಂದಲೋ ಮೆನುವಿನಿಂದಲೋ ಸರ್ವಿಸ್ ಮೋಡಿಗೆ ಹಾಕದೆ ಪಿಸ್ಟನ್ ಒತ್ತಲು ಬಿಡಬೇಡಿ, ಅದರ ಮೋಟರ್ ಹಾಳಾಗಬಹುದು. ಆ ಬ್ರೇಕ್ ಪೂರ್ತಿ ಬಿಡದಿರುವುದೇ ಎಳೆತಕ್ಕೆ ಕಾರಣವೂ ಇರಬಹುದು.

ನಾಲ್ಕೂ ಚಕ್ರ ಒಂದೇ ಸಮ ಬಿಸಿಯಿದ್ದು ದೂರ ಮಾತ್ರ ಇಳಿದಿದ್ದರೆ ಟಯರ್ ನೋಡಿ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿರುವಷ್ಟು ಗಾಳಿಯನ್ನು ಟಯರ್ ತಣ್ಣಗಿದ್ದಾಗ ತುಂಬಿಸಿ. ಇತ್ತೀಚೆಗೆ ಟಯರ್ ಬದಲಿಸಿದ್ದರೆ, ಹೊಸದು ಸುಲಭವಾಗಿ ಉರುಳುವ ಜಾತಿಯದಲ್ಲದಿದ್ದರೆ, ದೂರ ಇಳಿಯುವುದು ಸಹಜ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಿ.

ಸರಿಯಾದ ಮೇಲೆ ವಾರಕ್ಕೊಮ್ಮೆ, ಹಿಂದೆ ಗಾಡಿ ಇಲ್ಲದಾಗ, ರೀಜೆನ್ ಕನಿಷ್ಠಕ್ಕಿಳಿಸಿ 60ರಿಂದ 20ಕ್ಕೆ ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಡಿಸ್ಕ್ ಮೇಲಿನ ತುಕ್ಕು ಒರೆಸಿಹೋಗುತ್ತದೆ. ಸದ್ಯಕ್ಕೆ ನ್ಯೂಟ್ರಲ್‌ನಲ್ಲಿ ಏನಾಯಿತು, ಯಾವ ಚಕ್ರ ಹೆಚ್ಚು ಬಿಸಿ ಇತ್ತು ಎಂದು ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.