ಹಳೇ ಫೋರ್ ವೀಲ್ ಪಿಕಪ್‌ಗೆ ಯಾವ ಲಾಕಿಂಗ್ ಹಬ್?

ಪ್ರಶ್ನೆ: ನನ್ನದು 30 ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ಮುಂದಿನ ಚಕ್ರಗಳಿಗೆ, ಅವನ್ನು ಆಕ್ಸಲ್‌ಗೆ ಜೋಡಿಸಿ ಬಿಡಿಸುವ, ಕಂಪನಿಯವರೇ ಕೊಟ್ಟ ಆಟೋಮ್ಯಾಟಿಕ್ ಲಾಕಿಂಗ್ ಹಬ್‌ಗಳಿವೆ. ಕೆಸರಿನಲ್ಲಿ ಗಾಡಿಯನ್ನು ಹಿಂದೆ ಮುಂದೆ ಆಡಿಸಿದಾಗ ಎಡಗಡೆ ಜೋರಾಗಿ ಟಕ್ ಟಕ್ ಸದ್ದು ಬಂದು, ಮುಂದಿನ ಚಕ್ರಗಳು ಎಳೆಯುವುದನ್ನೇ ಬಿಡುತ್ತವೆ. ಅಂಥದ್ದೇ ಹೊಸದನ್ನು ಹಾಕಿಸಲೇ, ಇಲ್ಲ ಕೈಯಲ್ಲಿ ತಿರುಗಿಸುವ (ಮ್ಯಾನ್ಯುಯಲ್) ಹಬ್ ಹಾಕಿಸಲೇ?

ಉತ್ತರ: ಕೈಯಲ್ಲಿ ತಿರುಗಿಸುವುದನ್ನೇ ಹಾಕಿಸಿ. ಕೆಸರಿಗಿಳಿಯುವ ಹಳೇ ಗಾಡಿಗೆ ಬೇರೆ ಯೋಚನೆ ಬೇಡ.

ಆಟೋಮ್ಯಾಟಿಕ್ ಹಬ್ ಒಳಗೆ ಒಂದು ಕ್ಯಾಮ್ (ಇಳಿಜಾರು ಅಂಚಿನ ಭಾಗ), ಅದನ್ನು ತಡೆದು ಹಿಡಿಯುವ ಪುಟ್ಟ ಬ್ರೇಕ್, ಜಾರುವ ಹಲ್ಲಿನ ಉಂಗುರ, ಒಂದು ಸ್ಪ್ರಿಂಗ್ ಇರುತ್ತವೆ. ಆಕ್ಸಲ್ ತಿರುಗಿದಾಗ ಆ ತಡೆಯಿಂದಾಗಿ ಕ್ಯಾಮ್ ಏರಿ, ಉಂಗುರವನ್ನು ತಳ್ಳಿ ಹಬ್‌ಗೆ ಕಚ್ಚಿಸುತ್ತದೆ. ಗಾಡಿಯನ್ನು ರಿವರ್ಸ್‌ಗೆ ಹಾಕಿದರೆ ಕ್ಯಾಮ್ ಒಮ್ಮೆ ಇಳಿದು ಆಚೆ ಕಡೆಯಿಂದ ಮತ್ತೆ ಏರಬೇಕು. ನೀವು ಹಿಂದೆ ಮುಂದೆ ಆಡಿಸಿದಷ್ಟು ಸಲವೂ ಹಬ್ ಬಿಟ್ಟು ಕಚ್ಚುತ್ತದೆ, ಅದೂ ಚಕ್ರ ಜಾರುತ್ತಿರುವ ಹೊತ್ತಿನಲ್ಲಿ. ಬ್ರೇಕ್ ಸವೆದಿದ್ದರೆ ಅಥವಾ ಗ್ರೀಸ್ ಅಂಟಂಟಾಗಿ ಗಟ್ಟಿಯಾಗಿದ್ದರೆ ಹಲ್ಲುಗಳು ಪೂರ್ತಿ ಕೂರದೆ ತುದಿಯಲ್ಲಷ್ಟೇ ತಾಗಿ ಜಾರುತ್ತವೆ. ನಿಮಗೆ ಕೇಳಿಸುತ್ತಿರುವುದು ಬಹುಪಾಲು ಆ ಸದ್ದೇ. ಆದರೂ ಒಂದು ಪರೀಕ್ಷೆ ಮಾಡಿ. ಸ್ಟೇರಿಂಗ್ ನೇರ ಇದ್ದಾಗಲೂ ಸದ್ದು ಬಂದರೆ ಹಬ್ ಮೇಲೆ ಅನುಮಾನ. ಪೂರ್ತಿ ತಿರುಗಿಸಿದಾಗ ಮಾತ್ರ ಬಂದರೆ ಮೊದಲು ಆಕ್ಸಲ್ ತುದಿಯ ಜಾಯಿಂಟ್ ನೋಡಿಸಿ. ಜಾಯಿಂಟ್ ಹೋಗಿದ್ದರೆ ಹೊಸ ಹಬ್ ಹಾಕಿಯೂ ಸದ್ದು ನಿಲ್ಲದು.

ಇನ್ನು ಕೊಳ್ಳುವ ಮಾತು. ಗಾಡಿಯ ಮಾಡೆಲ್ ಹೆಸರು, ವರ್ಷ ಹೇಳಿ ಹಬ್ ತರಿಸಬೇಡಿ. ಇಷ್ಟು ಹಳೆಯ ಗಾಡಿಯಲ್ಲಿ ಹಿಂದಿನ ಮಾಲೀಕರು ಯಾವ ಆಕ್ಸಲ್ ಕೂರಿಸಿದ್ದಾರೋ ಹೇಳಲಾಗದು. ಈಗಿರುವ ಹಬ್ ಬಿಚ್ಚಿ, ಹೊರಗೆ ಕಾಣುವ ಶಾಫ್ಟ್ ತುದಿಯನ್ನು ಬಟ್ಟೆಯಿಂದ ಒರೆಸಿ, ಒಂದು ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದನೆಯ ಹಲ್ಲು) ಮೇಲೆ ಬಣ್ಣದ ಚುಕ್ಕೆ ಇಟ್ಟು ಅಲ್ಲಿಂದ ಸುತ್ತ ಎಣಿಸಿ. ಎರಡು ಸಲ ಎಣಿಸಿ. ಎಣಿಸಬೇಕಾದದ್ದು ಹಬ್ ಕಡೆಯ ತುದಿಯನ್ನೇ, ಒಳಗಿನದನ್ನಲ್ಲ. ಹಳೆಯ ಅಮೆರಿಕನ್ ಪಿಕಪ್‌ಗಳಲ್ಲಿ ಬಹಳ ಕಡೆ ಕಾಣುವ ಡಾನಾ 44 ಮುಂದಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ) ಕಡೆ 30 ಸ್ಪ್ಲೈನ್ ಇದ್ದರೆ ಹಬ್ ಕಡೆ ಸಾಮಾನ್ಯವಾಗಿ 19 ಮಾತ್ರ. ಒಳಗಿನ ಲೆಕ್ಕ ಹೇಳಿ ತರಿಸಿದವರಿಗೆ ಕೂರದ ಹಬ್ ಬರುತ್ತದೆ. ಸ್ಪ್ಲೈನ್ ಜೊತೆ ಶಾಫ್ಟಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. ಹಬ್ ಹೊರಗಿನಿಂದ ಬೋಲ್ಟ್ ಆಗುವಂಥದ್ದೋ, ಒಳಗೆ ಜಾರಿ ಕೂತು ಉಂಗುರದಿಂದ ನಿಲ್ಲುವಂಥದ್ದೋ, ಬೋಲ್ಟ್ ಎಷ್ಟು ಎಂಬುದನ್ನೂ ಬರೆದಿಡಿ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಬೇರೆ ಇದೆ. ಆಟೋಮ್ಯಾಟಿಕ್ ಹಬ್ ಇರುವ ಎಷ್ಟೋ ಗಾಡಿಗಳಲ್ಲಿ ಚಕ್ರದ ಬೇರಿಂಗನ್ನು ಹಿಡಿಯುವ ನಟ್, ವಾಷರ್‌ಗಳೇ ಬೇರೆ ಥರದವು. ಹಬ್‌ನ ಕ್ಯಾಮ್ ಭಾಗವೂ ಅವುಗಳ ಜೊತೆಗೇ ಕೂತಿರುತ್ತದೆ. ಮ್ಯಾನ್ಯುಯಲ್ ಹಬ್‌ಗೆ ಬದಲಾಯಿಸುವಾಗ ಅದನ್ನೆಲ್ಲ ತೆಗೆದು, ಅಡ್ಜಸ್ಟಿಂಗ್ ನಟ್, ಲಾಕ್ ವಾಷರ್, ಲಾಕ್ ನಟ್ ಇರುವ ಕನ್ವರ್ಶನ್ ಸೆಟ್ ಹಾಕಬೇಕು. ಹಳೇ ನಟ್ಟನ್ನೇ ಉಳಿಸಿ ಮೇಲೆ ಹೊಸ ಹಬ್ ಮುಚ್ಚಿದರೆ ನಟ್ಟನ್ನು ಬಿಗಿ ಹಿಡಿಯುವುದು ಏನೂ ಇರುವುದಿಲ್ಲ. ಅದು ನಿಧಾನಕ್ಕೆ ಸಡಿಲವಾಗಿ ಬೇರಿಂಗ್ ಸುಡುತ್ತದೆ, ಚಕ್ರವೇ ಆಚೆ ಬರುವ ಅಪಾಯವೂ ಇದೆ. ಈ ಸೆಟ್ ಹಬ್ ಜೊತೆ ಬರುತ್ತದೋ, ಬೇರೆ ತರಿಸಬೇಕೋ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಗುಣಮಟ್ಟ ನೋಡುವುದು ಕಷ್ಟವಲ್ಲ. ತಿರುಗಿಸುವ ಡಯಲ್ ಪ್ಲಾಸ್ಟಿಕ್ ಆಗಿದ್ದರೆ ಬಿಟ್ಟುಬಿಡಿ. ಕಲ್ಲಿಗೆ ತಾಗಿ ಒಡೆದರೆ ಹಬ್ ಆ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಒಳಗಿನ ಗೇರ್, ಕಚ್ಚುವ ಉಂಗುರ ಎರಡೂ ಉಕ್ಕಿನವಾಗಿರಬೇಕು. ಡಯಲ್ ಕೆಳಗೆ ರಬ್ಬರ್ ಓ ರಿಂಗ್, ಹಬ್ ಕೂರುವ ಕಡೆ ಗ್ಯಾಸ್ಕೆಟ್ ಬಿಡಿಯಾಗಿ ಸಿಗಬೇಕು. ಲಾಕಿಂಗ್ ಹಬ್‌ಗಳನ್ನೇ ಮಾಡುತ್ತ 1948ರಲ್ಲಿ ಶುರುವಾದ ವಾರ್ನ್, ಟೊಯೋಟಾಗೆ ಹಬ್ ಮಾಡಿಕೊಟ್ಟ ಐಸಿನ್, ಬ್ರೆಜಿಲ್‌ನ ಎವಿಎಂ ಇವೆಲ್ಲ ಹಳೇ ಹೆಸರುಗಳು. ಆದರೆ ಹೆಸರಿಗಿಂತ ಬಿಡಿಭಾಗ ಸಿಗುತ್ತದೆಯೇ ಎಂಬುದು ಮುಖ್ಯ. ಗಾಡಿಗೆ ಮೊದಲಿನಿಂದ ಬಂದ ಮ್ಯಾನ್ಯುಯಲ್ ಹಬ್ ಹಳೆಯದಾದರೂ ಹಲ್ಲಿನ ಅಂಚು ದುಂಡಾಗದೆ ಚೂಪಾಗಿ ಸಿಕ್ಕರೆ, ಅಗ್ಗದ ಹೊಸದಕ್ಕಿಂತ ಅದೇ ವಾಸಿ.

ಬಹಳ ಗಟ್ಟಿಯಾದ ಹಬ್ಬೇ ಬೇಕೆಂದು ಹಟ ಮಾಡಬೇಡಿ. ಎಲ್ಲಕ್ಕಿಂತ ದುರ್ಬಲವಾದ ಭಾಗವೇ ಮೊದಲು ಮುರಿಯುವುದು. ಹಬ್ ಮುರಿದರೆ ಹಾದಿಯಲ್ಲೇ ಆರು ಬೋಲ್ಟ್ ಬಿಚ್ಚಿ ಬದಲಾಯಿಸಬಹುದು. ಆಕ್ಸಲ್ ಜಾಯಿಂಟ್ ಮುರಿದರೆ ಮುಂಭಾಗವನ್ನೆಲ್ಲ ಬಿಚ್ಚಬೇಕು.

ಪ್ರಶ್ನೆ: ಹೊಸ ಹಬ್ ನಾನೇ ಕೂರಿಸಬಹುದೇ? ಎಷ್ಟು ಗ್ರೀಸ್ ತುಂಬಬೇಕು?

ಉತ್ತರ: ಕೂರಿಸಬಹುದು. ಗ್ರೀಸ್ ಮಾತ್ರ ತುಂಬಲೇಬೇಡಿ. ಜಾರುವ ಭಾಗಗಳಿಗೆ ಬೆರಳಲ್ಲಿ ತೆಳುವಾಗಿ ಸವರಿದರೆ ಸಾಕು. ಬೇರಿಂಗ್‌ಗೆ ಹಾಕುವ ಹಾಗೆ ಇಲ್ಲೂ ಒತ್ತಿ ತುಂಬಿದರೆ ಚಳಿಯಲ್ಲಿ ಗ್ರೀಸ್ ಗಟ್ಟಿಯಾಗಿ ಸ್ಪ್ರಿಂಗ್ ಉಂಗುರವನ್ನು ತಳ್ಳಲಾರದೆ ಹೋಗುತ್ತದೆ. ಡಯಲ್ ಲಾಕ್ ತೋರಿಸುತ್ತಿರುತ್ತದೆ, ಹಬ್ ಕಚ್ಚಿರುವುದಿಲ್ಲ.

ಹಳೇ ಹಬ್‌ಗೆ ಡಯಲ್ ಇದ್ದರೆ ಅದನ್ನು ಫ್ರೀಯಲ್ಲಿಟ್ಟು ಮುಚ್ಚಳದ ಬೋಲ್ಟ್ ತೆಗೆಯಿರಿ. ಶಾಫ್ಟ್ ತುದಿಯ ಸರ್ಕ್ಲಿಪ್ (ತಡೆಯುವ ಉಂಗುರ) ಕಳಚಿ ಹಬ್ ಎಳೆಯಿರಿ. ಸ್ಟಡ್‌ಗಳ ಮೇಲೆ ಕೋನ್ ವಾಷರ್ ಇದ್ದರೆ ಹಬ್ ಬರುವುದಿಲ್ಲ. ಹಿತ್ತಾಳೆ ಸರಳಿಟ್ಟು ಸ್ಟಡ್ ತಲೆಗೆ ಹೊಡೆದರೆ ವಾಷರ್ ನೆಗೆದು ಬರುತ್ತದೆ. ಬೇರಿಂಗ್ ಹೊರಗೆ ಕಾಣುವ ಹೊತ್ತಿಗೆ ಅದನ್ನೂ ನೋಡಿಬಿಡಿ. ನೀಲಿಗಟ್ಟಿದ್ದರೆ, ಗುಳಿ ಬಿದ್ದಿದ್ದರೆ ಬದಲಾಯಿಸಿ. ಅಡ್ಜಸ್ಟಿಂಗ್ ನಟ್ಟನ್ನು ಚಕ್ರ ತಿರುಗಿಸುತ್ತ ಬಿಗಿ ಮಾಡಿ, ಸಡಿಲಿಸಿ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಮತ್ತೆ ಬಿಗಿದು, ಲಾಕ್ ನಟ್ ಹಾಕಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ ಇರಕೂಡದು, ತಿರುಗಿಸಿದರೆ ಹಿಡಿಯಲೂ ಕೂಡದು. ಮುಚ್ಚಳದ ಸಣ್ಣ ಬೋಲ್ಟ್‌ಗಳಿಗೆ ಹಲವು ಗಾಡಿಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಜೋರು ಮಾಡಿದರೆ ಮರೆ (ಥ್ರೆಡ್) ಕಿತ್ತುಬರುತ್ತದೆ.

ಕೊನೆಗೆ ಆ ಚಕ್ರವನ್ನು ಜ್ಯಾಕ್ ಹಾಕಿ ಎತ್ತಿ ತಿರುಗಿಸಿ. ಫ್ರೀಯಲ್ಲಿ ಆಕ್ಸಲ್ ಶಾಫ್ಟ್ ಸುಮ್ಮನಿರಬೇಕು, ಲಾಕ್‌ನಲ್ಲಿ ಜೊತೆಗೆ ತಿರುಗಬೇಕು. ಎರಡೂ ಕಡೆ ಮಾಡಿ.

ಪ್ರಶ್ನೆ: ಒಂದು ಹಬ್ ಲಾಕ್ ಆಗದಿದ್ದರೂ ಇನ್ನೊಂದು ಚಕ್ರ ಎಳೆಯುವುದಿಲ್ಲವೇ?

ಉತ್ತರ: ಇಲ್ಲ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ತಿರುಗುವಿಕೆಯೆಲ್ಲ ಸುಲಭವಾಗಿ ತಿರುಗುವ ಕಡೆಗೆ ಹೋಗುತ್ತದೆ, ಇನ್ನೊಂದು ಕಡೆಗೂ ಅಷ್ಟೇ ಕಡಿಮೆ ಬಲ ಸಿಗುತ್ತದೆ. ಫ್ರೀ ಇರುವ ಕಡೆಯ ಶಾಫ್ಟ್ ಗಾಳಿಯಲ್ಲಿ ತಿರುಗುತ್ತದೆ, ಲಾಕ್ ಇರುವ ಚಕ್ರ ಸುಮ್ಮನಿರುತ್ತದೆ. ಮೊದಲ ಪ್ರಶ್ನೆಯವರ ಗಾಡಿಯಲ್ಲೂ ಎಡ ಹಬ್ ಒಂದೇ ಕೆಟ್ಟು ಎರಡೂ ಚಕ್ರ ಎಳೆಯದಿರುವುದು ಇದರಿಂದಲೇ.

ಪ್ರಶ್ನೆ: ಲಾಕ್ ಮಾಡಿದ ಮೇಲೆ ಡಾಂಬರು ರಸ್ತೆಗೆ ಬಂದರೆ ತಕ್ಷಣ ಫ್ರೀ ಮಾಡಬೇಕೇ?

ಉತ್ತರ: ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಟೂ ವೀಲ್‌ನಲ್ಲಿದ್ದರೆ ಹಬ್ ಲಾಕ್ ಇದ್ದರೂ ತೊಂದರೆಯಿಲ್ಲ, ಮುಂದಿನ ಶಾಫ್ಟ್‌ಗಳು ಸುಮ್ಮನೆ ತಿರುಗಿ ಸ್ವಲ್ಪ ಸವೆತ, ಸ್ವಲ್ಪ ಇಂಧನ ಖರ್ಚು. ಹಾಗಾಗಿ ಕೆಸರಿಗಿಳಿಯುವ ಮೊದಲೇ ಲಾಕ್ ಮಾಡಿಟ್ಟುಕೊಳ್ಳಿ. ಒಣ ಡಾಂಬರಿನಲ್ಲಿ ಫೋರ್ ವೀಲ್ ಲಿವರ್ ಹಾಕಿ ಓಡಿಸುವುದು ಮಾತ್ರ ಕೂಡದು. ಡಯಲ್ ತಿರುಗದಿದ್ದರೆ ಇಕ್ಕಳ ಹಾಕಬೇಡಿ. ಗಾಡಿಯನ್ನು ಒಂದೆರಡು ಅಡಿ ಹಿಂದಕ್ಕೆ ಸರಿಸಿದರೆ ಹಲ್ಲಿನ ಮೇಲಿನ ಒತ್ತಡ ಇಳಿದು ಕೈಯಲ್ಲೇ ತಿರುಗುತ್ತದೆ. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ಹದಿನೈದು ಕಿಲೋಮೀಟರ್‌ನಷ್ಟು ಓಡಿಸಿ, ಮುಂದಿನ ಡಿಫರೆನ್ಷಿಯಲ್‌ನ ಮೇಲ್ಭಾಗಕ್ಕೆ ಎಣ್ಣೆ ತಲುಪುತ್ತದೆ. ನೀರಲ್ಲಿ ಹಬ್ ಮುಳುಗಿದ್ದರೆ ಮುಚ್ಚಳ ತೆಗೆದು ನೋಡಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಎಲ್ಲ ತೊಳೆದು, ಓ ರಿಂಗ್ ಬದಲಾಯಿಸಿ, ಹೊಸದಾಗಿ ತೆಳುವಾಗಿ ಸವರಿ.