ಕಥೆ ಮುಗಿಸಿ ನೀತಿ ಕೇಳಿದರೆ ಮಗಳು ಎದ್ದು ಹೋಗುತ್ತಾಳೆ, ಏನು ಮಾಡಲಿ?

ಹಾಸನಕ್ಕೆ ವರ್ಗವಾಗಿ ಬಂದ ಮೇಲೆ ನಿಮ್ಮ ಆರು ವರ್ಷದ ಮಗಳು ಹೊಸ ಶಾಲೆಯಲ್ಲಿ ಯಾರೊಂದಿಗೂ ಬೆರೆಯುತ್ತಿಲ್ಲ, ತನ್ನ ವಸ್ತು ಮುಟ್ಟಿದವರ ಕೈಯಿಂದ ಕಿತ್ತುಕೊಳ್ಳುತ್ತಾಳೆ, ದಯೆ, ಸ್ನೇಹದ ಕಥೆ ಹೇಳಿ ನೀತಿ ಕೇಳಿದರೆ ಎದ್ದು ಹೋಗುತ್ತಾಳೆ ಎಂದು ಬರೆದಿದ್ದೀರಿ. ನಾನು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಯುವ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ನೀತಿ ಕೇಳಿದ ಕೂಡಲೇ ಕಥೆ ಪರೀಕ್ಷೆಯಾಗಿಬಿಡುತ್ತದೆ; ಅದರ ಉತ್ತರವೂ ಮಕ್ಕಳಿಗೆ ಮೊದಲೇ ಬಾಯಿಪಾಠವಾಗಿರುತ್ತದೆ. ಆದ್ದರಿಂದ ಕೊನೆಯ ಪ್ರಶ್ನೆಯನ್ನು ಕೈಬಿಟ್ಟು, ಪಾತ್ರ ಇಕ್ಕಟ್ಟಿಗೆ ಸಿಲುಕಿದ ಜಾಗದಲ್ಲಿಯೇ ಕಥೆಯನ್ನು ಸ್ವಲ್ಪ ನಿಲ್ಲಿಸಿ.

ಪುಣ್ಯಕೋಟಿಯ ಕಥೆಯನ್ನು ನಾವೆಲ್ಲ ಸತ್ಯದ ಪಾಠವೆಂದೇ ಹೇಳುತ್ತ ಬಂದಿದ್ದೇವೆ. ಆದರೆ ಆರು ವರ್ಷದ ಮಗು ಕೇಳುವಾಗ ಅದರ ಮನಸ್ಸೆಲ್ಲ ಕರುವಿನ ಮೇಲಿರುತ್ತದೆ. ಕೊಟ್ಟ ಮಾತಿನಂತೆ ತಾಯಿ ಹುಲಿಯ ಬಳಿಗೆ ಹೊರಟಾಗ, ಇನ್ನು ಯಾರ ಹಾಲು ಕುಡಿಯಲಿ, ಯಾರ ಮಗ್ಗುಲಲ್ಲಿ ಮಲಗಲಿ ಎಂದು ಕರು ಕೇಳುತ್ತದಲ್ಲ, ಅಲ್ಲಿ ನಿಲ್ಲಿಸಿ ಕರುವಿಗೆ ಈಗ ಏನನ್ನಿಸುತ್ತಿರಬಹುದು ಎಂದು ಕೇಳುತ್ತೇನೆ. ಒಬ್ಬ ಹುಡುಗ 'ಅಳು ಬರ್ತದೆ ಮಿಸ್' ಎಂದರೆ, ಪಕ್ಕದ ಹುಡುಗಿ 'ಅಮ್ಮನ ಮೇಲೆ ಸಿಟ್ಟು' ಎಂದಳು. ಎರಡನ್ನೂ ನಾನು ತಿದ್ದುವುದಿಲ್ಲ. ತಾಯಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವಾಗ ಹೇಳುವ ಮಾತಂತೂ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂಬುದು, ದಯೆಯನ್ನು ಮಗುವಿನ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ನಾಳೆ ಬೆಳಿಗ್ಗೆ ದೊಡ್ಡಿಯಲ್ಲಿ ಯಾವ ಹಸು ಕರುವಿನ ಹತ್ತಿರ ಮೊದಲು ಹೋಗುತ್ತದೆ, ಹೋಗಿ ಏನು ಮಾಡುತ್ತದೆ ಎಂದು ಕೇಳಿ ನೋಡಿ. ಹೊಸ ಊರಿಗೆ ಬಂದಿರುವ ನಿಮ್ಮ ಮಗಳು ಕರುವಿನ ಹೆಸರಿನಲ್ಲಿ ತನ್ನ ಸಂಗತಿಯನ್ನೇ ಹೇಳಿಯಾಳು. ಹೇಳಿದಾಗ 'ನೀನೂ ಹಾಗೆಯೇ ಅಲ್ಲವೇ' ಎಂದು ಮಾತ್ರ ಕೇಳಬೇಡಿ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಸ್ನೇಹಕ್ಕೆ ಪಂಚತಂತ್ರದ ಕಾಗೆ ಮತ್ತು ಇಲಿಯ ಕಥೆ ಒಳ್ಳೆಯದು. ಬಲೆಗೆ ಬಿದ್ದ ಪಾರಿವಾಳಗಳ ರಾಜ ತನ್ನ ಕಟ್ಟಿಗಿಂತ ಮೊದಲು ತನ್ನವರ ಕಟ್ಟನ್ನು ಕಡಿಯುವಂತೆ ಗೆಳೆಯನಾದ ಇಲಿಯನ್ನು ಕೇಳುತ್ತಾನೆ. ಅದನ್ನು ಕಂಡ ಕಾಗೆ ತಾನೂ ಇಲಿಯ ಗೆಳೆಯನಾಗಬೇಕೆಂದು ಬಯಸುತ್ತದೆ. ಇಲಿ ಕೂಡಲೇ ಒಪ್ಪುವುದಿಲ್ಲ. ಇಲಿಯನ್ನು ತಿನ್ನುವ ಕಾಗೆಯನ್ನು ನಂಬುವುದು ಹೇಗೆಂದು ಬಿಲದೊಳಗಿನಿಂದಲೇ ವಾದಿಸುತ್ತದೆ. ಬೇಗ ಬೆರೆಯದ ಮಗುವಿಗೆ ಈ ಇಲಿಯ ಮೇಲೆ ಬಹಳ ಪ್ರೀತಿ. ಕಾಗೆ ಏನು ಮಾಡಿದರೆ ಇಲಿ ಹೊರಗೆ ಬಂದೀತು ಎಂದು ಮಗಳನ್ನೇ ಕೇಳಿ, ಅವಳಿಗೆ ಗೆಳತಿಯರಿಂದ ಬೇಕಾಗಿರುವುದು ಏನೆಂಬುದು ನಿಮಗೂ ತಿಳಿಯುತ್ತದೆ.

ಪ್ರಾಣಿದಯೆಯ ಕಥೆಗಳ ಬಗ್ಗೆ ಮಾತ್ರ ನನಗೆ ಸ್ವಲ್ಪ ಅನುಮಾನವಿದೆ. ಸಕಲೇಶಪುರ, ಆಲೂರು ಕಡೆ ಆನೆಗಳು ಗದ್ದೆಗೂ ಕಾಫಿ ತೋಟಕ್ಕೂ ನುಗ್ಗುತ್ತವೆ, ಜನರ ಪ್ರಾಣವೂ ಹೋಗಿದೆ. ಮುದ್ದು ಆನೆಮರಿಯ ಕಥೆ ಹೇಳುತ್ತಿದ್ದಾಗ, ಹಿಂದಿನ ರಾತ್ರಿ ಭತ್ತ ತುಳಿಸಿಕೊಂಡ ಮನೆಯ ಹುಡುಗ ಮುಖ ತಿರುಗಿಸಿ ಕುಳಿತ. ಅವನಿಗೆ ದಯೆ ಇಲ್ಲವೆನ್ನಲು ನನಗೆ ಯಾವ ಅಧಿಕಾರವೂ ಇಲ್ಲ. ಮೊದಲು ಅವನ ಅಪ್ಪನ ಗದ್ದೆಯ ಕಥೆಯನ್ನು ಅವನಿಂದಲೇ ಕೇಳಿದೆವು. ಆನೆ ಏಕೆ ಬಂತು ಎಂಬ ಪ್ರಶ್ನೆಯನ್ನು ಆಮೇಲೆ ಅವನೇ ಎತ್ತಿದ.

ಜಗಳವಾದ ತಕ್ಷಣ ಕಥೆ ಹೇಳಬೇಡಿ, ಅದು ಬೈಗುಳವಾಗಿ ಕೇಳಿಸುತ್ತದೆ. ರಾತ್ರಿ ಮಲಗುವ ಹೊತ್ತು ಒಳ್ಳೆಯದು. ಒಂದು ಕಥೆಗೆ ಒಂದೆರಡು ಪ್ರಶ್ನೆ ಸಾಕು, 'ಗೊತ್ತಿಲ್ಲ' ಎಂದರೆ ಕಥೆ ಮುಂದುವರಿಸಿ. ಚಿತ್ರಪುಸ್ತಕ ಬೇಕಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದವು ಉಚಿತವಾಗಿ ಸಿಗುತ್ತವೆ. ಓದುವಾಗ ಪುಟ ತಿರುಗಿಸುವ ಕೆಲಸವನ್ನು ಮಗಳಿಗೇ ಬಿಡಿ, ಏಕೆಂದರೆ ಅವಳು ಯಾವ ಚಿತ್ರದ ಬಳಿ ತಡೆದು ನಿಲ್ಲುತ್ತಾಳೋ ನಿಮ್ಮ ಪ್ರಶ್ನೆಯನ್ನು ಅಲ್ಲಿಯೇ ಕೇಳಬಹುದು.