ಮುಂದಿನ ಸರದಿ ದೆವ್ವದ್ದು

ಪ್ಯಾನ್ ಇಂಡಿಯಾ ಸಾಹಸ ಚಿತ್ರಗಳ ಅಬ್ಬರ ಇಳಿದ ಮೇಲೆ ಕನ್ನಡದಲ್ಲಿ ಯಾವ ಬಗೆಯ ಚಿತ್ರಗಳು ಮೇಲುಗೈ ಸಾಧಿಸಬಹುದು ಎಂದು ಕೇಳಿದ್ದೀರಿ. ಚಿತ್ರಕಥೆ ಬರೆಯುವ ಯೋಚನೆ ಇರುವುದರಿಂದ ಈ ಪ್ರಶ್ನೆ ಎಂದೂ ಸೇರಿಸಿದ್ದೀರಿ. ನನ್ನ ಉತ್ತರ: ದೆವ್ವದ ಚಿತ್ರಗಳು. ಅದರಲ್ಲೂ ಊರಿನ ದೆವ್ವ, ಅರ್ಧ ನಗಿಸಿ ಅರ್ಧ ಹೆದರಿಸುವಂಥದ್ದು.

ನಾನು ಬೆಂಗಳೂರಿನಲ್ಲಿ ಚಿತ್ರಗಳ ಧ್ವನಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಚಿತ್ರೀಕರಣ ಮುಗಿದ ಮೇಲೆ ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟು, ಮಳೆ, ಹೊಡೆತ ಎಲ್ಲವನ್ನೂ ಕೂರಿಸುವ ಕೆಲಸ. ಗಾಂಧಿನಗರದ, ಅಂದರೆ ನಮ್ಮ ಚಿತ್ರರಂಗದ, ಗಾಳಿ ಎತ್ತ ಬೀಸುತ್ತಿದೆ ಎಂಬುದು ಗೋಡೆಗೆ ಪೋಸ್ಟರ್ ಹತ್ತುವ ಮೊದಲೇ ನಮಗೆ ಗೊತ್ತಾಗಿಬಿಡುತ್ತದೆ, ಏಕೆಂದರೆ ನಿರ್ದೇಶಕರು ಬಂದು ಕೇಳುವ ಶಬ್ದಗಳೇ ಬದಲಾಗುತ್ತವೆ. ‘ಕೆಜಿಎಫ್’ ಬಂದ ಮೇಲೆ ಕೆಲವು ವರ್ಷ ಎಲ್ಲರಿಗೂ ಬೇಕಿದ್ದದ್ದು ಒಂದೇ: ಸುತ್ತಿಗೆ ಬಿದ್ದರೆ ಎದೆ ನಡುಗಬೇಕು, ನಾಯಕ ನಡೆದರೆ ಕುರ್ಚಿ ಅದುರಬೇಕು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೊರಟ ಪಾತ್ರಕ್ಕೂ ಆನೆಯ ಹೆಜ್ಜೆ ಕೂರಿಸಿದ್ದೇವೆ. ಈಚೆಗೆ ಬರುವವರು ಕೇಳುವುದು ನಿಶ್ಶಬ್ದವನ್ನು. “ಇಲ್ಲಿ ಏನೂ ಕೇಳಿಸಬಾರದು ಸರ್, ಆದರೆ ಏನೋ ಇದೆ ಅನ್ನಿಸಬೇಕು” ಎನ್ನುತ್ತಾರೆ. ಹೇಳುವುದು ಸುಲಭ!

ಹೆಸರು ಬೇಡ, ಒಂದು ಚಿಕ್ಕ ಚಿತ್ರದ ಸಂಗತಿ ಹೇಳುತ್ತೇನೆ. ಬಾವಿಗೆ ಬಿದ್ದು ಸತ್ತ ಹೆಂಗಸು ರಾತ್ರಿ ಮನೆಯೊಳಗೆ ನಡೆಯುವ ದೃಶ್ಯ. ನಿರ್ದೇಶಕನಿಗಿನ್ನೂ ಮೂವತ್ತು ದಾಟಿರಲಿಲ್ಲ. ಗೆಜ್ಜೆ ಸದ್ದು ಬೇಡವೇ ಬೇಡ ಎಂದು ಪಟ್ಟು ಹಿಡಿದ. ಕನ್ನಡದ ದೆವ್ವಗಳಿಗೆ ಗೆಜ್ಜೆ ಕಟ್ಟಿ ಕಟ್ಟಿ ನಮಗೂ ಸಾಕಾಗಿತ್ತು. ನೀರು ತೊಟ್ಟಿಕ್ಕುವ ಸದ್ದು ಹಾಕಿದೆವು, ಕೆಟ್ಟ ನಲ್ಲಿಯಂತೆ ಕೇಳಿಸಿತು. ಕೊನೆಗೆ ನಮ್ಮ ಹುಡುಗನೊಬ್ಬ ಹತ್ತಿಯ ಸೀರೆಯನ್ನು ಬಕೆಟ್‌ನಲ್ಲಿ ಅದ್ದಿ, ಹಿಂಡದೆ, ಗಾರೆಯ ನೆಲದ ಮೇಲೆ ಮೆಲ್ಲಗೆ ಎಳೆದ. ಎಳೆದು, ನಿಲ್ಲಿಸಿ, ಮತ್ತೆ ಎಳೆದ. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದ ನಿರ್ದೇಶಕ ಕತ್ತು ತಿರುಗಿಸಿ ಹಿಂದೆ ನೋಡಿದ. ಆ ದೃಶ್ಯಕ್ಕೆ ತಗುಲಿದ ಖರ್ಚು ಒಂದು ಹಳೆಯ ಸೀರೆ.

ನನ್ನ ಲೆಕ್ಕಾಚಾರದ ಬುಡ ಇರುವುದು ಇಲ್ಲಿಯೇ. ಒಂದು ಬಗೆಯ ಚಿತ್ರ ದೊಡ್ಡದಾಗಿ ಗೆದ್ದ ಮಾತ್ರಕ್ಕೆ ಅದು ಅಲೆಯಾಗುವುದಿಲ್ಲ. ಸಾಲ ಮಾಡಿ ಮೊದಲ ಚಿತ್ರಕ್ಕೆ ಕೈಹಾಕುವ ಹೊಸ ನಿರ್ಮಾಪಕನೂ ಅದನ್ನು ಮಾಡಬಲ್ಲವನಾದರೆ ಮಾತ್ರ ಅಲೆ. 1995ರಲ್ಲಿ ‘ಓಂ’ ಬಂದಾಗ ಹಾಗಾಯಿತು. ಅದರಲ್ಲಿದ್ದ ನಿರೂಪಣೆಯ ಚಾಕಚಕ್ಯತೆ ಯಾರ ಕೈಗೂ ಸಿಗಲಿಲ್ಲ, ಆದರೆ ಮಚ್ಚು, ಲಾಂಗು ಎಲ್ಲರ ಕೈಗೂ ಸಿಕ್ಕವು. ವರ್ಷಗಟ್ಟಲೆ ಪರದೆಯ ಮೇಲೆ ಅವೇ ಓಡಾಡಿದವು. 2006ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಮೇಲೆ ಓಡಿದ ನಂತರ ಮಲೆನಾಡಿನಲ್ಲಿ ನೆನೆಯದ ನಾಯಕನಿಲ್ಲ. ಮಳೆಗೆ ಕಾಸು ಕೊಡಬೇಕಿಲ್ಲವಲ್ಲ. ಅದೇ ‘ಕೆಜಿಎಫ್ 2’ (2022) ಸಾವಿರ ಕೋಟಿ ದಾಟಿದಾಗ ಅದರ ಹಿಂದೆ ಬಿದ್ದವರ ಗತಿ ನೋಡಿ. ಕಪ್ಪು ಬಣ್ಣ, ಹೊಗೆ, ಗಡ್ಡ, ತಾಯಿಯ ಮಾತು ಎಲ್ಲ ಬಂದವು, ಬಂಡವಾಳ ಮಾತ್ರ ಬರಲಿಲ್ಲ. ಹತ್ತು ಕೋಟಿಯಲ್ಲಿ ನೂರು ಕೋಟಿಯ ಚಿತ್ರದಂತೆ ಕಾಣಲು ಹೋದದ್ದು ಎರಡನೇ ವಾರದ ಬೋರ್ಡನ್ನೇ ಕಾಣಲಿಲ್ಲ.

ಇದೇ ಕಾರಣಕ್ಕೆ, ಮುಂದಿನದು ಪುರಾಣದ ಕಾಲ ಎಂದು ಅನೇಕರು ಹೇಳುವುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2025ರ ಜುಲೈ 25ರಂದು ಬಂದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಕಂಡ ಗೆಲುವು ಸಣ್ಣದಲ್ಲ. ಅದೇ ಸರಣಿಯಲ್ಲಿ 2037ರವರೆಗೂ ಚಿತ್ರಗಳನ್ನು ಘೋಷಿಸಿಯೇ ಆಗಿದೆ. ನಮ್ಮ ಯಶ್ ರಾವಣನಾಗಿರುವ ರಾಮಾಯಣದ ಭಾರಿ ಚಿತ್ರವೂ ಇದೆ. ಪುರಾಣ ನಮಗೆ ಹೊಸತೂ ಅಲ್ಲ. 1934ರ ಮೊದಲ ಟಾಕಿ ‘ಸತಿ ಸುಲೋಚನ’ವೇ ಪುರಾಣದ್ದು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾಗಿ ಬಂದದ್ದು ಭಕ್ತನಾಗಿಯೇ. ಆದರೆ ಆ ಕಾಲದಲ್ಲಿ ನಾಟಕ ಕಂಪನಿಯ ಕಿರೀಟ, ಪರದೆ ಇಟ್ಟುಕೊಂಡು ಪುರಾಣ ತೆಗೆಯಬಹುದಿತ್ತು. ಈಗ ಪ್ರೇಕ್ಷಕರು ಗ್ರಾಫಿಕ್ಸ್ ಸರಿಯಿಲ್ಲದಿದ್ದರೆ ಟ್ರೈಲರ್‌ನಲ್ಲೇ ದೇವರನ್ನು ಗೇಲಿ ಮಾಡುತ್ತಾರೆ. ಪುರಾಣ ಗೆಲ್ಲುತ್ತದೆ, ಆದರೆ ವರ್ಷಕ್ಕೆ ಒಂದೋ ಎರಡೋ, ಹಣವಿರುವ ಸಂಸ್ಥೆಗಳ ಕೈಯಲ್ಲಿ. ವರ್ಷಕ್ಕೆ ಇನ್ನೂರರ ಆಸುಪಾಸು ಕನ್ನಡ ಚಿತ್ರಗಳು ಬರುತ್ತವೆ. ಉಳಿದವರು ಏನು ಮಾಡಬೇಕು?

ವಿಚಿತ್ರವೆಂದರೆ ಅದೇ ಜುಲೈ 25ರಂದೇ ಆ ಪ್ರಶ್ನೆಗೆ ಉತ್ತರವೂ ಬಂತು. ಜೆ.ಪಿ. ತುಮಿನಾಡು ನಿರ್ದೇಶಿಸಿದ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರಾಗಿದ್ದ ‘ಸು ಫ್ರಮ್ ಸೋ’. ಕೆಲವೇ ಕೋಟಿಯ ಚಿತ್ರ. ಪೋಸ್ಟರ್ ಮೇಲೆ ಹಾಲು ಸುರಿಯಲು ದೊಡ್ಡ ಮುಖವಿಲ್ಲ. ಕರಾವಳಿಯ ಒಂದು ಹಳ್ಳಿ, ಅಲ್ಲೊಬ್ಬ ಯುವಕ, ಅವನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆ ಎಂದು ಇಡೀ ಊರು ನಂಬುವುದು, ಇಷ್ಟೇ. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಹಣ ಕೊಟ್ಟು ನೋಡುವ ಪ್ರದರ್ಶನ ಇಟ್ಟರು, ಬಾಯಿಂದ ಬಾಯಿಗೆ ಮಾತು ಹರಡಿತು, ವಾರದೊಳಗೆ ಟಿಕೆಟ್ ಸಿಗದಂತಾಯಿತು. ಗಳಿಕೆ ನೂರು ಕೋಟಿ ದಾಟಿತು ಎಂದು ವರದಿಯಾಯಿತು. ಗಾಂಧಿನಗರದ ಮಂದಿ ನೋಡುವುದು ಹಾಕಿದ್ದಕ್ಕೂ ಬಂದದ್ದಕ್ಕೂ ಇರುವ ಅಂತರವನ್ನು. ಆ ಲೆಕ್ಕದಲ್ಲಿ ಈ ಪುಟ್ಟ ದೆವ್ವವೇ ದೊಡ್ಡದು.

ನೆರೆಯವರು ಇದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದರು. 2024ರಲ್ಲಿ ಹಿಂದಿಯಲ್ಲೇ ತಯಾರಾದ ಚಿತ್ರಗಳ ಪೈಕಿ ಅತಿ ಹೆಚ್ಚು ಗಳಿಸಿದ್ದು ‘ಸ್ತ್ರೀ 2’. ಆ ವರ್ಷ ಮಲಯಾಳಂನ ‘ಭ್ರಮಯುಗಂ’ ಒಂದು ಹಳೆಯ ಮನೆ, ಬೆರಳೆಣಿಕೆಯ ಪಾತ್ರಗಳು, ಕಪ್ಪು ಬಿಳುಪು, ಇಷ್ಟನ್ನೇ ಇಟ್ಟುಕೊಂಡು ಗೆದ್ದಿತು. 2018ರಲ್ಲಿ ಸಾಧಾರಣವಾಗಿ ಓಡಿದ್ದ ‘ತುಂಬಾಡ್’ 2024ರ ಸೆಪ್ಟೆಂಬರ್‌ನಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ದುಡಿಯಿತು. 2025ರ ‘ಲೋಕಾ’ದಲ್ಲಂತೂ ಕೇರಳದ ಕಥೆಗಳ ನೀಲಿ ಎಂಬ ಯಕ್ಷಿ ನಮ್ಮ ಬೆಂಗಳೂರಿಗೇ ಬಂದು ಅಪಾರ್ಟ್‌ಮೆಂಟ್‌ನಲ್ಲಿ ನೆಲೆಸಿ ಮಲಯಾಳಂ ಚಿತ್ರಗಳ ಗಳಿಕೆಯ ದಾಖಲೆ ಮುರಿದಳು. ನಾವು ಬಾಡಿಗೆ ವಸೂಲಿ ಮಾಡಲಿಲ್ಲ. ಇನ್ನೂ ಹೊಟ್ಟೆ ಉರಿಸುವುದು ‘ಸ್ತ್ರೀ’ಯ ವಿಷಯ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ರಾತ್ರಿ ಬಂದು ಪರಿಚಿತರ ದನಿಯಲ್ಲಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಮನೆಮನೆಯ ಬಾಗಿಲಿಗೂ ‘ನಾಳೆ ಬಾ’ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರಲ್ಲ, ಆ ಕಥೆಯೇ ಮಧ್ಯಪ್ರದೇಶದ ಚಂದೇರಿಗೆ ಹೋಗಿ, ಗೋಡೆಯ ಮೇಲೆ ಹಿಂದಿಯಲ್ಲಿ ಬರೆಸಿಕೊಂಡು, ಹಿಂದಿ ಚಿತ್ರರಂಗಕ್ಕೆ ಒಂದು ಇಡೀ ದೆವ್ವದ ಸರಣಿಯನ್ನೇ ಹುಟ್ಟಿಸಿತು. ಕದ ನಮ್ಮದು, ಸೀಮೆಸುಣ್ಣ ನಮ್ಮದು, ಗಲ್ಲಾಪೆಟ್ಟಿಗೆ ಅವರದು.

ಹಾಗೆಂದು ಕನ್ನಡದಲ್ಲಿ ದೆವ್ವಗಳಿಗೆ ಬರವಿತ್ತು ಎಂದಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯನ್ನು ನೆನೆದು ಈಗಲೂ ದೀಪ ಹಾಕಿಕೊಂಡು ಮಲಗುವ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ. 2004ರ ‘ಆಪ್ತಮಿತ್ರ’ದ ನಾಗವಲ್ಲಿ ಮನೆಮಾತಾದಳು, ಮೂಲ ಮಲಯಾಳಂನದು, ನಿಜ, ಆದರೆ ತಮಿಳಿನ ‘ಚಂದ್ರಮುಖಿ’ ಹುಟ್ಟಿದ್ದು ನಮ್ಮ ನಾಗವಲ್ಲಿಯ ಬೆನ್ನಿಗೆ. 2013ರ ‘6-5=2’ ಕೈಕ್ಯಾಮೆರಾದ ತುಣುಕುಗಳಂತೆ ಕಾಣುವ ಚಿತ್ರ, ಹೊಸಬರದ್ದು, ಅದೂ ಓಡಿತು. ಗೆದ್ದವು ಒಂಟಿಯಾಗಿ ಗೆದ್ದವು, ಅಷ್ಟೆ.

ಹಾಗಾದರೆ ಈಗಲೇ ಏಕೆ ಅಲೆಯಾಗುತ್ತದೆ ಎಂದು ಕೇಳಬಹುದು. ಕಾರಣ ಹಣದ್ದು. ಕೆಲವು ವರ್ಷಗಳ ಹಿಂದೆ ಸಣ್ಣ ಚಿತ್ರಕ್ಕೆ ಚಿತ್ರಮಂದಿರದಲ್ಲಿ ಬಾರದ ದುಡ್ಡು ಓಟಿಟಿಯಲ್ಲಿ ಬರುತ್ತದೆ ಎಂಬ ಧೈರ್ಯವಿತ್ತು. ಈಗ ಆ ಬಾಗಿಲು ಬಹುಪಾಲು ಮುಚ್ಚಿದೆ. ರಕ್ಷಿತ್ ಶೆಟ್ಟಿಯವರಂಥವರ ಬೆಂಬಲವಿದ್ದ ‘ಏಕಂ’ ವೆಬ್ ಸರಣಿಯನ್ನೇ ಯಾರೂ ಕೊಳ್ಳದೆ, 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೀಗಾಗಿ ದುಡ್ಡು ಮರಳಿ ಬರಬೇಕಿರುವುದು ಟಿಕೆಟ್ ಕೌಂಟರ್‌ನಿಂದಲೇ. ಅಲ್ಲಿಯೋ, ದರದ ಜಗಳ ಮುಗಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ₹200ರ ಮಿತಿ ಹೇರಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮನೆಯಲ್ಲಿ ದೊಡ್ಡ ಟಿ.ವಿ. ಇರುವವನು ಇಷ್ಟು ದುಡ್ಡು ಕೊಟ್ಟು ಹೊರಗೆ ಬರಬೇಕಾದರೆ ಮನೆಯಲ್ಲಿ ಸಿಗದ್ದು ಇಲ್ಲಿ ಸಿಗಬೇಕು. ದೊಡ್ಡ ದೃಶ್ಯವೈಭವ ಸಿಗಬೇಕು, ಇಲ್ಲವೇ ಮುನ್ನೂರು ಜನ ಒಟ್ಟಿಗೆ ಬೆಚ್ಚಿ, ಮರುಕ್ಷಣವೇ ತಾವು ಬೆಚ್ಚಿದ್ದಕ್ಕೆ ತಾವೇ ನಗುವ ಸುಖ ಸಿಗಬೇಕು. ಮೊದಲನೆಯದಕ್ಕೆ ನೂರು ಕೋಟಿ ಬೇಕು. ಎರಡನೆಯದಕ್ಕೆ ಒದ್ದೆ ಸೀರೆ ಸಾಕು.

ನಗು ಏಕೆ ಬೆರೆಯುತ್ತದೆ ಎಂಬುದಕ್ಕೂ ಇಂಥದ್ದೇ ಒಂದು ಕಾರಣವಿದೆ. ಬರೀ ಭಯಾನಕವಾದ ಚಿತ್ರಕ್ಕೆ ಸೆನ್ಸಾರ್‌ನಲ್ಲಿ ವಯಸ್ಕರಿಗೆ ಮಾತ್ರ ಎನ್ನುವ ‘ಎ’ ಪ್ರಮಾಣಪತ್ರ ಸಿಗುವ ಅಪಾಯವಿದೆ, ‘ಎ’ ಚಿತ್ರವನ್ನು ಟಿ.ವಿ.ಯಲ್ಲಿ ತೋರಿಸುವಂತಿಲ್ಲ, ಸಂಸಾರ ಸಮೇತ ಬರುವವರೂ ಬರುವುದಿಲ್ಲ. 2024ರ ನಿಯಮಗಳಲ್ಲಿ, ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ಯುಎ ದರ್ಜೆಯನ್ನೇ 7, 13, 16 ವರ್ಷಗಳ ಮೇಲ್ಪಟ್ಟವರಿಗೆ ಎಂದು ಮೂರಾಗಿ ಒಡೆದರು. ಸ್ವಲ್ಪ ನಗೆ ಬೆರೆಸಿದರೆ ಅದರಲ್ಲೊಂದು ಮೆಟ್ಟಿಲಲ್ಲಿ ನಿಲ್ಲಬಹುದು. ನಮ್ಮ ದೆವ್ವಗಳು ಹಾಸ್ಯಪ್ರಿಯವಾಗಿರುವುದರ ಹಿಂದೆ ಇಷ್ಟು ವ್ಯವಹಾರವಿದೆ.

ಈಗ ನಿಮ್ಮ ಚಿತ್ರಕಥೆಯ ಮಾತು. ದಯವಿಟ್ಟು ಮತ್ತೊಂದು ಕರಾವಳಿ ಬರೆಯಬೇಡಿ, ಅಲ್ಲಿಯವರೇ ಆದರೆ ಬೇರೆ ಮಾತು. ‘ಕಾಂತಾರ’ದ ನಂತರ ದೈವವನ್ನೂ ದೆವ್ವವನ್ನೂ ಒಂದೇ ಪಾತ್ರೆಯಲ್ಲಿ ಕಲಸುವ ಕಥೆಗಳು ಬರತೊಡಗಿವೆ. ಅಲ್ಲಿನ ಜನರಿಗೆ ಪಂಜುರ್ಲಿ, ಗುಳಿಗ ಹೆದರಿಸುವ ಭೂತಗಳಲ್ಲ, ಮನೆಯ ನ್ಯಾಯ ಹೇಳುವ ಶಕ್ತಿಗಳು. 2025ರಲ್ಲಿ ‘ಕಾಂತಾರ ಚಾಪ್ಟರ್ 1’ ಬಂದಾಗ ದೈವದ ವೇಷ ಹಾಕಿ ಚಿತ್ರಮಂದಿರಕ್ಕೆ ಬರಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಸತ್ತವರ ಕಥೆಯೇ ಬೇಕೆಂದಿದ್ದರೆ ಅದೇ ಕರಾವಳಿಯಲ್ಲಿ ಪ್ರೇತ ಮದುವೆಯಿದೆ. ಚಿಕ್ಕವರಿದ್ದಾಗಲೇ ತೀರಿಕೊಂಡ ಹುಡುಗ, ಹುಡುಗಿಗೆ ಎರಡು ಮನೆಯವರು ಸೇರಿ, ಸಂಬಂಧ ನೋಡಿ, ಸೀರೆ ತಂದು, ಊಟ ಬಡಿಸಿ ಮಾಡುವ ಮದುವೆ. ಅದನ್ನು ಹೆದರಿಕೆಗಾಗಿ ಬಳಸುವುದೋ ಅಳುವಿಗಾಗಿಯೋ ಎಂಬುದರ ಮೇಲೆ ಬರೆಯುವವನ ಯೋಗ್ಯತೆ ತಿಳಿಯುತ್ತದೆ.

ಬಯಲುಸೀಮೆಯವರಾದರೆ ಗದ್ದೆ ಬದುವಿನ ಮೇಲೆ ಓಡುವ ಕೊಳ್ಳಿದೆವ್ವ ಇನ್ನೂ ಸರಿಯಾಗಿ ಪರದೆಗೆ ಬಂದಿಲ್ಲ. ಕಲಬುರಗಿ, ಬೀದರ್ ಕಡೆಯ ಬಾನಾಮತಿ ಎಂಬ ಮಾಟದ ಕಥೆಯೂ ಅಷ್ಟೆ, ಅಲ್ಲಿ ಮಾತ್ರ ಎಚ್ಚರ ಬೇಕು. ಬಾನಾಮತಿ ಮಾಡಿಸಿದಳೆಂದು ಊರವರ ಕೈಯಲ್ಲಿ ಏಟು ತಿಂದ ಹೆಂಗಸರು ನಿಜದವರು. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ನಮ್ಮ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿದೆ, ಅದು ಬಂದದ್ದು ಇಂಥ ಸಂಕಟಗಳಿಂದಲೇ. ಆ ಹೆಂಗಸನ್ನೇ ಮತ್ತೆ ಕೂದಲು ಬಿಚ್ಚಿಸಿ ಕಿರುಚಿಸುವ ಚಿತ್ರ ಮಾಡಿದರೆ ನಾನಂತೂ ಧ್ವನಿ ಮಾಡಿಕೊಡುವುದಿಲ್ಲ. ಏಟು ಹೊಡೆದ ಊರೇ ಹೆದರಿಕೆ ಹುಟ್ಟಿಸುವಂತೆ ಬರೆದು ತಂದರೆ ಅರ್ಧ ಸಂಬಳಕ್ಕೆ ಕೂರುತ್ತೇನೆ.

ಈ ಅಲೆ ಎಷ್ಟು ದಿನ? ಮೂರು, ಹೆಚ್ಚೆಂದರೆ ನಾಲ್ಕು ವರ್ಷ ಎಂದು ನನ್ನ ಅಂದಾಜು. ಈಗಾಗಲೇ ಕೆಲವರು ಚಿತ್ರಕ್ಕಿಂತ ಮೊದಲು ಎರಡನೇ ಭಾಗವನ್ನು ಘೋಷಿಸುತ್ತಿದ್ದಾರೆ, ಊರಿನ ದೆವ್ವಕ್ಕೆ ಗ್ರಾಫಿಕ್ಸ್ ರೆಕ್ಕೆ ಕಟ್ಟುವವರೂ ಬಂದಿದ್ದಾರೆ. ಖರ್ಚು ಏರಿದ ದಿನ ಕಥೆ ಮುಗಿಯಿತು.

ನೀವು ಬರೆಯುವಾಗ ಇನ್ನೊಂದನ್ನು ನೆನಪಿಡಿ. ಸಣ್ಣ ಊರುಗಳ ಎಷ್ಟೋ ಚಿತ್ರಮಂದಿರಗಳಲ್ಲಿ ಪರದೆಯ ಹಿಂದಿನ ಸ್ಪೀಕರ್‌ಗಳು ಮಾತ್ರ ಕೆಲಸ ಮಾಡುತ್ತವೆ, ಪಕ್ಕದವು, ಹಿಂದಿನವು ಕೆಟ್ಟು ವರ್ಷಗಳಾಗಿರುತ್ತವೆ. ಪ್ರೇಕ್ಷಕರ ಬೆನ್ನ ಹಿಂದೆ ಯಾರೋ ಉಸಿರಾಡಿದಂತೆ ನಾವು ರಾತ್ರಿಯೆಲ್ಲ ಕುಳಿತು ಮಾಡಿದ್ದು ಅಲ್ಲಿ ಕೇಳಿಸುವುದೇ ಇಲ್ಲ. ಆದ್ದರಿಂದ ಮುಖ್ಯ ಹೆದರಿಕೆಯನ್ನು ಶಬ್ದದ ದಿಕ್ಕಿನ ಮೇಲೆ ನಿಲ್ಲಿಸಬೇಡಿ, ಪಾತ್ರದ ಮುಖದ ಮೇಲೆ ನಿಲ್ಲಿಸಿ. ದೃಶ್ಯದಲ್ಲಿ ಫ್ಯಾನ್ ತಿರುಗುತ್ತಿದ್ದರೆ ಬರವಣಿಗೆಯಲ್ಲೇ ಅದನ್ನು ಆರಿಸಿಬಿಡಿ. ಕರೆಂಟ್ ಹೋಯಿತೆಂದು ಒಂದು ಸಾಲು ಸಾಕು, ನಮಗೆ ಅರ್ಧ ಕೆಲಸ ಉಳಿಯುತ್ತದೆ. ಮೊದಲ ಕರಡು ಮುಗಿದ ಮೇಲೆ ಅದರಲ್ಲಿ ಎಲ್ಲೆಲ್ಲಿ ‘ಗೆಜ್ಜೆ ಸದ್ದು’ ಎಂದು ಬರೆದಿದ್ದೀರೋ ಎಲ್ಲವನ್ನೂ ಹೊಡೆದುಹಾಕಿ, ಆಮೇಲೆ ನಿರ್ಮಾಪಕರಿಗೆ ಕಳುಹಿಸಿ.